ಹತ್ತು ಸಾವಿರದ ಒಂದು ರೊಟ್ಟಿ

ಶಿದ್ರಾಮಪ್ಪ: ಭಾಗ ಹೋಗಬೇಕು ಅಂದ್ರ ಹೋಗಬೇಕು, ಮಾಸ್ತರ. ಎಪ್ಪತ್ತೆರಡು ಊರಿಗಿ ಹತ್ತು ಸಾವಿರದ ಒಂದು ರೊಟ್ಟಿ ಸಮ ಹಚ್ಚಾಕ ಬರಂಗಿಲ್ಲ ಅಂದ್ರ, ಮೂವತ್ನಾಕು ವರ್ಷ ಸಾಲ್ಯಾಗ ನೀ ಏನ ಕಲಿಸಿದಿ?

ಪರಮಾನಂದ: ಭಾಗಾಕಾರ ಕಲಿಸಿದೆ. ಪವಾಡ ನನ್ನ ಸಿಲೆಬಸ್‌ನ್ಯಾಗ ಇರಲಿಲ್ಲ.

ಶಿದ್ರಾಮಪ್ಪ: ಮತ್ತೊಮ್ಮೆ ಮಾಡು.

ಪರಮಾನಂದ: ಐದು ಸಲ ಮಾಡೀನಿ. ಒಂದೊಂದು ಊರು ನೂರಾ ಮೂವತ್ತೆಂಟು ಕಳಿಸಿದ್ರ ಅರವತ್ತೈದು ಕಮ್ಮಿ ಬೀಳತಾವ. ನೂರಾ ಮೂವತ್ತೊಂಬತ್ತು ಕಳಿಸಿದ್ರ ಏಳು ಹೆಚ್ಚ ಆಗತಾವ. ಆರನೇ ಸಲ ಮಾಡಿದ್ರ ಲೆಕ್ಕಕ್ಕ ನಿನ್ನ ಮ್ಯಾಲ ಕನಿಕರ ಬರಂಗಿಲ್ಲ.

ಸಾವಳಗಿಯ ಶಿದ್ರಾಮಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರಸಿ ಕಲ್ಲಿನ ನೆಲದ ತುಂಬ ಸೀಮೆಸುಣ್ಣದ ಅಂಕಿಗಳು. ನಿವೃತ್ತ ಗಣಿತ ಮಾಸ್ತರ ಪರಮಾನಂದ ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು; ಒಬ್ಬ ಲೆಕ್ಕದಲ್ಲಿ ಪಾಸಾಗಿ ಮಾಸ್ತರನಾದ, ಇನ್ನೊಬ್ಬ ನಪಾಸಾಗಿ ಮುಖಂಡನಾದ.

ತಪ್ಪು ನಡೆದದ್ದು ಮೂರು ದಿನದ ಹಿಂದೆ, ಗಲಗಲಿಯ ಸಭೆಯಲ್ಲಿ, ಮೈಕಿನ ಮುಂದೆ. ಹಗಲು ಹೊತ್ತಿನಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಕೊಡಬೇಕೆಂದು ಹೊಳೆದಂಡೆ ರೈತ ಕೂಟ ಜಮಖಂಡಿಯಲ್ಲಿ ಧರಣಿ ಕೂಡುವುದಿತ್ತು. ಕೂತವರ ಊಟಕ್ಕೆ ಹತ್ತು ಸಾವಿರ ಖಡಕ್ ರೊಟ್ಟಿ ಬೇಕು ಎಂದು ಹೇಳಲು ಅಧ್ಯಕ್ಷ ಶಿದ್ರಾಮಪ್ಪ ಎದ್ದ. ‘ಹತ್ತು ಸಾವಿರ’ ಎಂದವನ ಬಾಯಿ ಅಲ್ಲೇ ತಡೆಯಿತು. ಮದುವೆಗೆ ಮುಯ್ಯಿ ಮಾಡುವಾಗ ಮೇಲೊಂದು ಇಡದೆ ಕೈ ಎತ್ತುವ ಮನೆತನ ಅವನದಲ್ಲ. ಸೊನ್ನೆಯಲ್ಲಿ ಮುಗಿಯುವ ಮಾತು ಅವನ ಪ್ರಕಾರ ಮುಂಡಮೋಚಿದ ಮಾತು. ‘ಹತ್ತು ಸಾವಿರದ ಒಂದು’ ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನಿಲ್ಲುವ ಗಂಡಸು ಅವನಲ್ಲ. ಹೋದ ವರ್ಷದ ಧರಣಿಯಲ್ಲಿ ಯಾವ ಊರಿನ ರೊಟ್ಟಿ ಹೆಚ್ಚು ಎಂದು ಎರಡು ಊರಿನವರು ಅಂಗಿ ಹರಿದುಕೊಂಡದ್ದು ನೆನಪಾಗಿ, ‘ಈ ಸಲ ಎಲ್ಲಾ ಊರಿಂದ ಸಮಸಮ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ’ ಎಂದೂ ಸೇರಿಸಿದ. ಇನ್ನೂ ಜೋರು ಚಪ್ಪಾಳೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲ್ಲೂಕು ಸೇರಿ ಕೂಟದ ಪಟ್ಟಿಯಲ್ಲಿ ಎಪ್ಪತ್ತೆರಡು ಊರು. ಆ ಎಪ್ಪತ್ತೆರಡೂ ಊರಿನಲ್ಲಿ ಇವತ್ತು ಹನ್ನೆರಡಕ್ಕೆ ಒಲೆ ಹೊತ್ತುತ್ತದೆ. ಅಷ್ಟರೊಳಗೆ ನಿಮ್ಮ ಊರಿನ ಪಾಲು ಇಷ್ಟು ಎಂದು ಮೊಬೈಲಿನಲ್ಲಿ ಹೇಳಿ ಕಳಿಸಬೇಕು. ಗೋಡೆಯ ಗಡಿಯಾರದಲ್ಲಿ ಹತ್ತು ಹೊಡೆದಿತ್ತು.

ಶಿದ್ರಾಮಪ್ಪ: ನಿನ್ನ ಸುಣ್ಣದ ಖಡು ಬಗಲಿಗಿಡು. ಮೊಬೈಲ್ ಕೇಳೂಣು. ಇದು ನೋಡು, ಬಂತು. ನೂರಾ ಮೂವತ್ತೆಂಟು ಪಾಯಿಂಟ್ ಒಂಬತ್ತು ಸೊನ್ನಿ ಎರಡು ಏಳು ಏಳು ಏಳು.

ಪರಮಾನಂದ: ರೊಟ್ಟ್ಯಾಗ ಪಾಯಿಂಟ್ ಎಲ್ಲಿರತೈತಿ ತೋರಿಸು.

ಶಿದ್ರಾಮಪ್ಪ: ಮುರದ್ರ?

ಪರಮಾನಂದ: ಮುರಿ. ಊರಿಗೊಂದು ರೊಟ್ಟಿ ತಗೊಂಡು ಎಪ್ಪತ್ತೆರಡು ತುಂಡು ಮಾಡಬೇಕು. ಅರವತ್ತೈದು ತುಂಡು ಧರಣಿಗಿ, ಏಳು ತುಂಡು ಮನ್ಯಾಗ.

ಶಿದ್ರಾಮಪ್ಪ: ಖಡಕ್ ರೊಟ್ಟಿ ಎಪ್ಪತ್ತೆರಡು ತುಂಡ ಆದ್ರ ಅದು ತಿರುಗಿ ಹಿಟ್ಟ ಆಗತೈತಿ.

ಪರಮಾನಂದ: ಆಗತೈತಿ. ಆ ಹಿಟ್ಟಿಲೆ ಮತ್ತ ರೊಟ್ಟಿ ಬಡಿ. ನಿನ್ನ ಧರಣಿ ಮುಗ್ಯೂ ಮಟಾ ಕೆಲಸ ಆತು.

ಶಿದ್ರಾಮಪ್ಪನ ಹೆಂಡತಿ ಗಂಗಾಂಬಿಕಾ ಚಹಾ ತಂದಳು. ಸಾವಳಗಿಯ ಹೆಣ್ಣುಮಕ್ಕಳ ರೊಟ್ಟಿ ಕೆಲಸಕ್ಕೆ ಅವಳೇ ಮುಂದಾಳು. ಅಂಕಿಗಳನ್ನು ತುಳಿಯದೆ ದಾಟಲು ನೋಡಿದಳು, ಆಗಲಿಲ್ಲ. ಒಂದು ಗುಣಾಕಾರದ ಮೇಲೆ ಕಾಲಿಟ್ಟು ನಿಂತಳು.

ಗಂಗಾಂಬಿಕಾ: ಹಿಟ್ಟು ನಾದಿಟ್ಟೇವ್ರಿ. ಎಷ್ಟು ಬಡೀಬೇಕು ಹೇಳ್ರಿ.

ಶಿದ್ರಾಮಪ್ಪ: ತಡಿ. ಭಾಗ ಹೋಗವಲ್ದು.

ಗಂಗಾಂಬಿಕಾ: ಏಳು ಹೆಚ್ಚ ಆಗತಾವ ಅಂತ ಈಗ ಮಾಸ್ತರ ಅಂದ್ರಲ್ಲ. ಆಗ್ಲಿ ಬಿಡ್ರಿ. ಊರಿಗಿ ನೂರಾ ಮೂವತ್ತೊಂಬತ್ತು. ಹತ್ತು ಸಾವಿರದ ಎಂಟು ರೊಟ್ಟಿ. ಸಮ ಆತು, ಕೆಲಸ ಆತು.

ಪರಮಾನಂದ: ಶಿದ್ರಾಮಪ್ಪ, ನೀ ಮನ್ಯಾಗಿರು, ವೈನೀನ ಅಧ್ಯಕ್ಷರನ್ನ ಮಾಡೂಣು.

ಶಿದ್ರಾಮಪ್ಪ: ಆಗಂಗಿಲ್ಲ. ಮೈಕಿನ್ಯಾಗ ಹೇಳಿದ್ದು ಹತ್ತು ಸಾವಿರದ ಒಂದು. ಬ್ಯಾನರ್ ಮ್ಯಾಲ ಬರದದ್ದು ಹತ್ತು ಸಾವಿರದ ಒಂದು. ಬಣ್ಣಾ ಇನ್ನೂ ಹಸಿ ಐತಿ.

ಗಂಗಾಂಬಿಕಾ: ಹಸಿ ಇದ್ರ ಛಲೋನ ಆತು, ಒರಿಸಿದ್ರ ಹೊಕ್ಕೈತಿ. ಉಣ್ಣಾವ್ರು ಎಣಿಸಿ ಉಣ್ತಾರೇನ್ರಿ?

ಶಿದ್ರಾಮಪ್ಪ: ಉಣ್ಣಾವ್ರು ಎಣಿಸಂಗಿಲ್ಲ, ಪೇಪರ್‌ನ್ಯಾವ್ರು ಎಣಸ್ತಾರ. ಏಳು ಹೆಚ್ಚು ಬಂದ್ರ ‘ಶಿದ್ರಾಮಪ್ಪಗ ಲೆಕ್ಕ ಬರಂಗಿಲ್ಲ’ ಅಂತ ಬರೀತಾರ.

ಗಂಗಾಂಬಿಕಾ: ಖರೆ ಬರದಂಗ ಆತಲ್ಲ.

ಶಿದ್ರಾಮಪ್ಪ ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡ. ಲಾಠಿ ಏಟು ತಿಂದಾಗಲೂ ಅವನು ಹೇಳಿದ ಮಾತು ಹಿಂದೆ ತೆಗೆದುಕೊಂಡವನಲ್ಲ. ಹೆಂಡತಿಯ ಏಳು ರೊಟ್ಟಿಗೆ ಬಗ್ಗಿದರೆ ಮುಖಂಡತನಕ್ಕೆ ಉಳಿಯುವುದೇನು? ಆದರೆ ಬೇರೆ ದಾರಿ ಇತ್ತು. ರೊಟ್ಟಿ ಹೆಚ್ಚು ಕಡಿಮೆ ಮಾಡಲು ಬರದಿದ್ದರೆ ಊರು ಕಡಿಮೆ ಮಾಡಬಹುದು.

ಶಿದ್ರಾಮಪ್ಪ: ಎಪ್ಪತ್ತೆರಡ್ರಾಗ ಎರಡು ಊರ ಬಿಟ್ರ?

ಪರಮಾನಂದ: ಎಪ್ಪತ್ತಕ್ಕ ಅರವತ್ತೊಂದು ಉಳಿತಾವ.

ಶಿದ್ರಾಮಪ್ಪ: ಐವತ್ತು ದೊಡ್ಡ ಊರ ಅಷ್ಟ ತಗೊಂಡ್ರ?

ಪರಮಾನಂದ: ಊರಿಗಿ ಇನ್ನೂರು. ಒಂದು ಉಳಿತೈತಿ.

ಶಿದ್ರಾಮಪ್ಪ: ನಲವತ್ತಕ್ಕ?

ಪರಮಾನಂದ: ಒಂದು ಉಳಿತೈತಿ.

ಶಿದ್ರಾಮಪ್ಪ: ಇಪ್ಪತ್ತೈದಕ್ಕ?

ಪರಮಾನಂದ: ಅದ ಒಂದು.

ಶಿದ್ರಾಮಪ್ಪ: ಎಲ್ಲಿ ಹೋದ್ರೂ ಆ ಒಂದು ಬೆನ್ನ ಹತ್ತೈತಲ್ಲ. ಎಲ್ಲಿಂದ ಬಂತದು?

ಪರಮಾನಂದ: ನಿನ್ನ ಬಾಯಿಂದ ಬಂತು. ಹತ್ತು ಸಾವಿರ ಅಂತ ಬಿಟ್ಟಿದ್ರ ಅದು ಬಡವನಂಥಾ ಸಂಖ್ಯೆ. ಐವತ್ತಕ್ಕೂ ಬಗ್ಗತಿತ್ತು, ನಲವತ್ತಕ್ಕೂ ಬಗ್ಗತಿತ್ತು, ಇಪ್ಪತ್ತಕ್ಕೂ ಕೈ ಮುಗೀತಿತ್ತು. ನೀ ಅದರ ತಲಿ ಮ್ಯಾಲ ಒಂದು ಕೂಡ್ರಿಸಿದಿ. ಈಗ ಅದು ಯಾರಿಗೂ ಬಗ್ಗವಲ್ದು.

‘ಊರು ಬಿಡೂ ಮಾತು ಬ್ಯಾಡಪಾ’ ಎಂದು ಹೊಸ್ತಿಲ ಕಡೆಯಿಂದ ಒಂದು ದನಿ ಬಂತು. ಶಿದ್ರಾಮಪ್ಪ ಆ ಕಡೆ ತಿರುಗಲಿಲ್ಲ. ಬೆಳಗಿನಿಂದ ಅವನು ತಿರುಗದೇ ಇದ್ದದ್ದು ಆ ಕಡೆಗೇ.

ಹೊಸ್ತಿಲಲ್ಲಿ ಕೂತು ಕದರು ತಿರುವುತ್ತ ಉಣ್ಣೆ ನೂಲುತ್ತಿದ್ದವಳು ಲಗಮವ್ವ. ಎಪ್ಪತ್ತು ದಾಟಿದ ಹೆಂಗಸು, ಬೀರನದಡ್ಡಿಯವಳು. ಬೀರನದಡ್ಡಿ ಎಂದರೆ ಕುರಿ ಕೂಡುವ ಒಂದು ದಡ್ಡಿ, ಅದರ ಸುತ್ತ ಹದಿನಾಲ್ಕು ಮನೆ. ಕೂಟದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಊರಿಗಷ್ಟೇ ಕರೆಂಟು ಕೊಡಿ ಎಂದು ಮನವಿಯಲ್ಲಿ ಬರೆಯುತ್ತಾರೆ. ಈ ಸಲದ ಮನವಿಯಲ್ಲಿ ತನ್ನ ದಡ್ಡಿಯ ಹೆಸರು ಕಾಣದ ಹೊರತು ಏಳುವುದಿಲ್ಲ ಎಂದು ಅವಳು ಏಳು ಗಂಟೆಗೇ ಬಂದು ಕೂತಿದ್ದಳು.

ಲಗಮವ್ವ: ಇದ್ದ ಊರ ಬಿಡಾಕ ನೋಡಬ್ಯಾಡ. ಬಿಟ್ಟ ಊರ ಸೇರಿಸು ಅಂತ ನಾ ಕುಂತೀನಿ.

ಶಿದ್ರಾಮಪ್ಪ: ಯವ್ವಾ, ಎಷ್ಟು ಸಲ ಹೇಳಲಿ ಬೇ? ನಿಮ್ದು ದಡ್ಡಿ. ಊರಲ್ಲ.

ಲಗಮವ್ವ: ಎರಡು ಸಲ ಧರಣಿ ಕುಂತ್ರಿ. ಎರಡೂ ಸಲ ನಮ್ಮ ಹದಿನಾಕೂ ಮನಿ ಹೆಣ್ಮಕ್ಕಳು ಬಂದು ಕುಂತ್ರು. ಮಳ್ಯಾಗ ಎಲ್ಲಾರು ಎದ್ದು ಹ್ವಾದ್ರು, ನಾವು ಕಂಬಳಿ ಹೊತ್ಕೊಂಡು ಕುಂತ್ವಿ. ಧರಣಿಗಿ ಕೂಡಾಕ ನಾವು ಊರ, ಮನವ್ಯಾಗ ಬರ್ಯಾಕ ನಾವು ದಡ್ಡಿ. ಇದು ಯಾವ ಸೀಮಿ ಲೆಕ್ಕ?

ಶಿದ್ರಾಮಪ್ಪ: ಲೆಕ್ಕದ ಮಾತ ತಗೀಬ್ಯಾಡ. ಒಂದು ಲೆಕ್ಕಕ್ಕ ನನ್ನ ಜೀವಾ ಹೋಗಾಕತ್ತೈತಿ.

ಪರಮಾನಂದ ಈ ಮಾತು ಕೇಳುತ್ತಿರಲಿಲ್ಲ. ಅವನ ಮುಖದಲ್ಲಿ ಬೇರೆ ಒಂದು ಕಳೆ ಬಂದಿತ್ತು.

ಪರಮಾನಂದ: ಶಿದ್ರಾಮಪ್ಪ, ನನಗೊಂದು ಸಂಶೇ ಬರಾಕತ್ತೈತಿ. ಇದು ಅವಿಭಾಜ್ಯ ಸಂಖ್ಯೆ ಇರಬಹುದು.

ಶಿದ್ರಾಮಪ್ಪ: ಅಂದ್ರ?

ಪರಮಾನಂದ: ಒಂದಕ್ಕ ಭಾಗ ಹೋಗತೈತಿ, ತನಗ ತಾ ಹೋಗತೈತಿ. ನಡುವ ಯಾರ ಬಂದ್ರೂ ಬಗ್ಗಂಗಿಲ್ಲ.

ಶಿದ್ರಾಮಪ್ಪ: ಅಂದ್ರ ನನ್ನಂಗ.

ಗಂಗಾಂಬಿಕಾ: ನಿಮ್ಮಂಗ ಅಲ್ರಿ. ಅದು ಮನ್ಯಾಗೂ ಬಗ್ಗಂಗಿಲ್ಲಂತ.

ಶಿದ್ರಾಮಪ್ಪ: ಮಾತು ಛಲೋ ಐತಿ. ಅವಿಭಾಜ್ಯ. ಬ್ಯಾನರ್ ಕೆಳಗ ಬರಸೂಣು, ‘ನಮ್ಮ ರೊಟ್ಟಿ ಅವಿಭಾಜ್ಯ’ ಅಂತ. ಒಗ್ಗಟ್ಟಿನ ಗುರ್ತು.

ಪರಮಾನಂದ: ಬರಸು. ಆಮ್ಯಾಲ ಅಷ್ಟೂ ರೊಟ್ಟಿ ಒಂದ ಊರು ಕಳಿಸಬೇಕು. ಇಲ್ಲಾ ಹತ್ತು ಸಾವಿರದ ಒಂದು ಊರು ಒಂದೊಂದು ರೊಟ್ಟಿ ಕಳಿಸಬೇಕು. ಯಾವದಾದ್ರೂ ಆರಿಸ್ಕೋ.

ಶಿದ್ರಾಮಪ್ಪ ಒಂದು ಕ್ಷಣ ಹತ್ತು ಸಾವಿರದ ಒಂದು ಊರಿನ ಮೆರವಣಿಗೆಯನ್ನು ಕಣ್ಣ ಮುಂದೆ ತಂದುಕೊಂಡ. ಚೆಂದವೇ ಇತ್ತು. ಆದರೆ ಅಷ್ಟು ಊರಿಗೆ ಪೆಂಡಾಲು ಸಾಲದು.

ಶಿದ್ರಾಮಪ್ಪ: ಇರಬಹುದು ಅಂದಿ. ಖರೆ ಏನು, ಹೆಂಗ ತಿಳೀಬೇಕು? ಹತ್ತು ಸಾವಿರ ಸಲ ಭಾಗಾಕಾರ ಮಾಡ್ತೀಯೇನು?

ಪರಮಾನಂದ: ಬ್ಯಾಡ. ನೂರರ ಮಟಾ ನೋಡಿದ್ರ ಸಾಕು. ನೂರು ನೂರಲೆ ಹತ್ತು ಸಾವಿರ. ಎರಡು ಸಂಖ್ಯೆ ಗುಣಿಸಿ ನಮ್ಮ ಸಂಖ್ಯೆ ಆಗೂದಿದ್ರ, ಅದ್ರಾಗ ಒಂದರೆ ನೂರರ ಒಳಗ ಇರಬೇಕು. ಎರಡೂ ನೂರು ದಾಟಿದ್ರ ಗುಣಾಕಾರ ಹತ್ತು ಸಾವಿರದ ಎರಡನೂರಕ್ಕ ಜಿಗೀತೈತಿ.

ಶಿದ್ರಾಮಪ್ಪ: ತಿಳೀಲಿಲ್ಲ.

ಲಗಮವ್ವ: ತಿಳ್ಯಾಕ ಏನೈತಿ? ಕಳ್ಳರು ಇಬ್ರು ಅದಾರ. ಇಬ್ರೂ ಅಂಗಳದಾಗ ನಿಂದ್ರಾಕ ಜಾಗಾ ಇಲ್ಲ. ಅಂದ್ರ ಒಬ್ಬ ಮನಿ ಒಳಗ ಇರಬೇಕು. ಮನಿ ಒಳಗ ಹುಡುಕು ಅಂತಾರ ಮಾಸ್ತರ.

ಪರಮಾನಂದ ಸೀಮೆಸುಣ್ಣ ಎತ್ತಿದವನು ಹಾಗೇ ನಿಂತ. ಮೂವತ್ತನಾಲ್ಕು ವರ್ಷದಲ್ಲಿ ಇದನ್ನು ಇಷ್ಟು ಬೇಗ ಹಿಡಿದ ಇನ್ನೊಬ್ಬರು ಅವನಿಗೆ ನೆನಪಾಗಲಿಲ್ಲ.

ಪರಮಾನಂದ: ಎರಡಕ್ಕ ಹೋಗಂಗಿಲ್ಲ. ಕೊನಿಗಿ ಒಂದೈತಿ.

ಲಗಮವ್ವ: ಹಂಗಾರ ನಾಕು, ಆರು, ಎಂಟು ನೋಡಬ್ಯಾಡ್ರಿ. ಜೋಡಿ ನಿಂದ್ರಲಾರದ ಹಿಂಡು ನಾಕ್ನಾಕು ನಿಂದ್ರಸಿದ್ರೂ ಒಂಟಿ ಉಳಿತೈತಿ.

ಪರಮಾನಂದ: ಮೂರಕ್ಕ ಹೋಗಂಗಿಲ್ಲ. ಅಂಕಿ ಕೂಡಿಸಿದ್ರ ಎರಡು ಬರತೈತಿ.

ಲಗಮವ್ವ: ಒಂಬತ್ತೂ ಹೋತು, ಹದಿನೈದೂ ಹೋತು.

ಶಿದ್ರಾಮಪ್ಪ: ನೀ ಯಾವ ಸಾಲ್ಯಾಗ ಕಲ್ತಿ ಬೇ?

ಲಗಮವ್ವ: ದಡ್ಡಿ ಬಾಗಲಾಗ. ಎರಡೆರಡು ಬಿಡ್ತೇವಿ, ಮೂರ್ಮೂರು ಬಿಡ್ತೇವಿ. ಒಂದು ಕುರಿ ತಪ್ಪಿದ್ರ ಗಂಡ ಬೈತಿದ್ದ. ನಿಮ್ಮ ಸಾಲ್ಯಾಗ ತಪ್ಪಿದ್ರ ಪಾಸ್ ಮಾಡ್ತಾರ.

ಮಾಸ್ತರನ ಕೈ ಓಡತೊಡಗಿತು. ಏಳಕ್ಕೆ ಐದು ಉಳಿಯಿತು. ಹನ್ನೊಂದಕ್ಕೆ ಎರಡು. ಹದಿಮೂರಕ್ಕೆ ನಾಲ್ಕು. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು. ಪಡಸಾಲೆ ಮುಗಿದು ಲೆಕ್ಕ ಅಡುಗೆಮನೆಯ ಬಾಗಿಲಿಗೆ ಬಂತು. ಗಂಗಾಂಬಿಕಾ ಹಿಟ್ಟಿನ ಪರಾತ ಎತ್ತಿ ಜಾಗ ಕೊಟ್ಟಳು. ಮೂವತ್ತೇಳಕ್ಕೆ ಹನ್ನೊಂದು ಉಳಿದಾಗ ಶಿದ್ರಾಮಪ್ಪ ಗಡಿಯಾರ ನೋಡಿದ. ಐವತ್ತಮೂರಕ್ಕೆ ಮೂವತ್ತೇಳು ಉಳಿದಾಗ ಗಡಿಯಾರಕ್ಕೆ ಬೆನ್ನು ತಿರುಗಿಸಿ ಕೂತ. ಎಪ್ಪತ್ತೊಂದಕ್ಕೆ ಅರವತ್ತೊಂದು ಉಳಿಯಿತು. ಮಾಸ್ತರ ಸೊಂಟ ಹಿಡಿದುಕೊಂಡು ಎದ್ದ. ಹನ್ನೊಂದು ನಲವತ್ತು.

ಪರಮಾನಂದ: ಮುಗೀತು. ಇದು ಅವಿಭಾಜ್ಯನ. ಇನ್ನ ನನ್ನ ಸೊಂಟ ಭಾಗ ಹೋಗತೈತಿ.

ಗಂಗಾಂಬಿಕಾ: ಹಂಗಾರ ಹತ್ತು ಸಾವಿರದ ಎಂಟು ಅಂತ ಎಲ್ಲಾ ಊರಿಗಿ ಹೇಳಿ ಕಳಿಸ್ರಿ. ಒಣಗಿದ ಹಿಟ್ಟು ಬಡ್ಯಾಕ ನಮಗೇನ ಕೈ ಎರಡೆರಡು ಜೋಡಿ ಅದಾವೇನು?

ಶಿದ್ರಾಮಪ್ಪ: ಕೇಳು, ಹೆಗಲಿನ ಟವೆಲ್ ಮುಟ್ಟಿ ಹೇಳ್ತೀನಿ. ಹತ್ತು ಸಾವಿರದ ಎಂಟು ಅಂತ ನನ್ನ ಬಾಯಾಗ ಬಂದ್ರ ಈ ಅಧ್ಯಕ್ಷಗಿರಿ ಇಲ್ಲೇ ಪರಸಿ ಮ್ಯಾಲ ಇಟ್ಟು ಹೋಗ್ತೀನಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ತೀರಿತು.

ಲಗಮವ್ವ: ಮಾಸ್ತರ, ನೂರರ ಮಟಾ ಅಂದಿದ್ರಿ. ಎಪ್ಪತ್ತೊಂದಕ್ಕ ಎದ್ರಿ.

ಪರಮಾನಂದ: ಇನ್ನ ನಾಕೈದ ಉಳದಾವಬೇ. ಏನೂ ಸಿಗಂಗಿಲ್ಲ.

ಲಗಮವ್ವ: ಕತ್ತಲಾತು ಅಂತ ಕಡೀ ಮೂಲಿ ನೋಡದ ಬಂದ ದಿನಾನ ನಮ್ಮ ಕುರಿ ಆ ಮೂಲ್ಯಾಗ ಇರತಿತ್ತು. ನೋಡ್ರಿ.

ಪರಮಾನಂದ ಗೊಣಗುತ್ತ ಮತ್ತೆ ಕುಕ್ಕರಿಸಿದ. ಮುಂದಿನದು ಎಪ್ಪತ್ತಮೂರು.

ಪರಮಾನಂದ: ನೂರ್ರಾಗ ಒಂದು ಸಲ. ಇಪ್ಪತ್ತೇಳು ಉಳಿತು. ಸೊನ್ನಿ ಇಳಿಸಿದೆ, ಇನ್ನೂರಾ ಎಪ್ಪತ್ತು. ಮೂರು ಸಲ. ಐವತ್ತೊಂದು ಉಳಿತು. ಒಂದು ಇಳಿಸಿದೆ, ಐದನೂರಾ ಹನ್ನೊಂದು. ಎಪ್ಪತ್ಮೂರು ಏಳಲೆ…

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ.

ಪರಮಾನಂದ: ಐದನೂರಾ ಹನ್ನೊಂದು.

ಶಿದ್ರಾಮಪ್ಪ: ಉಳಿದದ್ದೆಷ್ಟು?

ಪರಮಾನಂದ: ಏನೂ ಇಲ್ಲ. ಸೊನ್ನಿ. ಎಪ್ಪತ್ಮೂರು ಊರು, ಊರಿಗಿ ನೂರಾ ಮೂವತ್ತೇಳು. ಹತ್ತು ಸಾವಿರದ ಒಂದು.

ಶಿದ್ರಾಮಪ್ಪ ಎದ್ದವನು ಟವೆಲ್ ಝಾಡಿಸಿದ. ಗೆದ್ದ ಹೋರಿಯ ಪಕ್ಕ ನಿಂತವನಂತೆ ಎದೆ ಮುಂದೆ ಬಂತು.

ಶಿದ್ರಾಮಪ್ಪ: ನಾ ಏನಂದಿದ್ದೆ? ಭಾಗ ಹೋಗಬೇಕು ಅಂದ್ರ ಹೋಗಬೇಕು. ಬರೀ, ಊರಿಗಿ ನೂರಾ ಮೂವತ್ತೇಳು. ಕಳಿಸು ಎಲ್ಲಾರ ಮೊಬೈಲಿಗಿ.

ಪರಮಾನಂದ: ಕಳಿಸ್ತೀನಿ. ಆದ್ರ ನಮ್ಮ ಪಟ್ಟ್ಯಾಗ ಇರೂದು ಎಪ್ಪತ್ತೆರಡು.

ಮಾಸ್ತರ ಉಳಿದ ನಾಲ್ಕು ಸಂಖ್ಯೆಗಳನ್ನೂ ಸರಸರ ಭಾಗಿಸಿ ನೋಡತೊಡಗಿದ. ಹೊಸ್ತಿಲ ಬಳಿ ಕದರು ತಿರುಗುವುದು ನಿಂತಿತ್ತು. ಈಗ ಶಿದ್ರಾಮಪ್ಪ ಆ ಕಡೆ ತಿರುಗಲೇಬೇಕಾಯಿತು. ಲಗಮವ್ವ ನೂಲು ಉಂಡೆಗೆ ಸುತ್ತಿಕೊಳ್ಳುತ್ತಿದ್ದಳು, ಸಾವಕಾಶವಾಗಿ.

ಶಿದ್ರಾಮಪ್ಪ: ಮಾಸ್ತರ, ಎಪ್ಪತ್ಮೂರು ಬಿಟ್ಟು ಮತ್ತೊಂದು ನೋಡು.

ಪರಮಾನಂದ: ನೋಡಿದೆ. ಎಪ್ಪತ್ತೊಂಬತ್ತು, ಎಂಬತ್ಮೂರು, ಎಂಬತ್ತೊಂಬತ್ತು, ತೊಂಬತ್ತೇಳು, ಯಾವದಕ್ಕೂ ಹೋಗಂಗಿಲ್ಲ. ನೂರಾ ಮೂವತ್ತೇಳು ತಾನೂ ಅವಿಭಾಜ್ಯ. ಎಪ್ಪತ್ಮೂರು ಊರು, ಇಲ್ಲಾ ನೂರಾ ಮೂವತ್ತೇಳು ಊರು. ಈ ಸಂಖ್ಯೆಗಿ ಎರಡ ಬಾಗಲಾ.

ಶಿದ್ರಾಮಪ್ಪ: ಸಾವಳಗೀನ ಎರಡು ಮಾಡಿದ್ರ? ಮ್ಯಾಲಿನ ಓಣಿ ಒಂದು ಊರು, ಕೆಳಗಿನ ಓಣಿ ಒಂದು ಊರು.

ಗಂಗಾಂಬಿಕಾ: ಮಾಡ್ರಿ. ಕೆಳಗಿನ ಓಣ್ಯಾಗ ನಿಮ್ಮ ತಮ್ಮ ಅದಾನ. ನಾಳೆ ಮುಂಜಾನೆ ಆ ಊರಿಗಿ ಅವನ ಅಧ್ಯಕ್ಷ ಆಗ್ತಾನ.

ಶಿದ್ರಾಮಪ್ಪ: ಸಾವಳಗಿ ಒಂದ ಇರಲಿ.

ಅವನು ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದ. ತೊಂಬತ್ತೇಳರ ಭಾಗಾಕಾರ ಅವನ ಕಾಲಡಿ ಅಳಿಸಿಹೋಯಿತು. ಆಮೇಲೆ ಕೆಮ್ಮಿ, ಗೋಡೆ ನೋಡಿ ಮಾತಾಡಿದ.

ಶಿದ್ರಾಮಪ್ಪ: ಗಂಗಾ, ಮುಂಜಾನೆ ಅದೇನೋ ಹೇಳಾಕತ್ತಿದ್ದೆಲ್ಲ. ಏಳು ಹೆಚ್ಚು…

ಗಂಗಾಂಬಿಕಾ: ಹತ್ತು ಸಾವಿರದ ಎಂಟ್ರಿ?

ಶಿದ್ರಾಮಪ್ಪ: ನಾ ಅನ್ನಲಿಲ್ಲ, ನೀ ಅಂದಿ.

ಗಂಗಾಂಬಿಕಾ: ನಾ ಅಂದ್ರ ಏನ ಬಂತು? ನೀವು ಟವೆಲ್ ಮುಟ್ಟಿದ್ರಿ. ಹತ್ತು ನಿಮಿಷಾನೂ ಆಗಿಲ್ಲ. ಪೇಪರ್‌ನ್ಯಾವ್ರು ಎಣಿಸಂಗಿಲ್ಲೇನ್ರಿ ಈಗ?

ಪರಮಾನಂದ: ಅಧ್ಯಕ್ಷಗಿರಿ ಎಲ್ಲಿಡ್ತಿ ಹೇಳು. ಪರಸಿ ಮ್ಯಾಲ ಜಾಗಾ ಇಲ್ಲ.

ಲಗಮವ್ವ: ನಮ್ಮ ಹದಿನಾಕು ಮನ್ಯಾಗ ಹದಿನಾಕು ಹಂಚು ಅದಾವ, ತಮ್ಮಾ. ನೂರಾ ಮೂವತ್ತೇಳು ರೊಟ್ಟಿ ಒಂದು ತಾಸಿನ ಕೆಲಸ.

ಶಿದ್ರಾಮಪ್ಪ: ಊರಂದ್ರ ಅಂಗಡಿ ಇರಬೇಕು.

ಲಗಮವ್ವ: ಅಂಗಡಿ ಇಲ್ಲಂತ ನಮ್ಮ ಗಂಡಸ್ರು ಹೊಲದಾಗ ಇರ್ತಾರ. ನಿಮ್ಮ ಊರಾಗ ಅಂಗಡಿ ಐತಿ, ಗಂಡಸ್ರು ಅಂಗಡಿ ಕಟ್ಟಿ ಮ್ಯಾಲ ಇರ್ತಾರ.

ಶಿದ್ರಾಮಪ್ಪ: ಬಸ್ ಬರಬೇಕು.

ಲಗಮವ್ವ: ಎಪ್ಪತ್ತೆರಡ್ರಾಗ ಬಸ್ ಬಾರದ ಊರು ಎಷ್ಟಂತ ಹೇಳು, ಅವನ್ನೂ ಕಳಿ. ಮಾಸ್ತರ ಮತ್ತ ಖಡು ಹಿಡೀಲಿ.

ಪರಮಾನಂದ: ನನ್ನ ಸೊಂಟದ ಆಣಿ, ಹಿಡ್ಯಂಗಿಲ್ಲ.

ಶಿದ್ರಾಮಪ್ಪನ ತಲೆಯಲ್ಲಿ ಹಳೆಯ ರಾಜಿ ಪಂಚಾಯತಿಯ ಬುದ್ಧಿ ಎದ್ದಿತು. ದನಿ ಮೆತ್ತಗಾಯಿತು.

ಶಿದ್ರಾಮಪ್ಪ: ಹಿಂಗ ಮಾಡೂಣ ಯವ್ವಾ. ರೊಟ್ಟಿ ಪಟ್ಟ್ಯಾಗ ನಿಮ್ಮ ಹೆಸರು ಬರೀತೇವಿ, ಎಪ್ಪತ್ಮೂರು ಅಂತ. ಮನವಿ ಪಟ್ಟಿ ಬ್ಯಾರೆ. ಅದರ ಮಾತು ಮುಂದಿನ ಮೀಟಿಂಗಿನ್ಯಾಗ.

ಲಗಮವ್ವ ಕದರನ್ನು ಸೆರಗಿಗೆ ಸಿಕ್ಕಿಸಿ ಎದ್ದು ನಿಂತಳು. ಚಪ್ಪಲಿ ಹುಡುಕಿದಳು.

ಲಗಮವ್ವ: ಹಂಗಾರ ಬರ್ತೀನಿ. ಗಂಗವ್ವಾ, ಚಹಾ ಛಲೋ ಇತ್ತು.

ಶಿದ್ರಾಮಪ್ಪ: ಎಲ್ಲಿ ಹೊಂಟಿ?

ಲಗಮವ್ವ: ದಡ್ಡಿಗಿ. ದಡ್ಡಿಯವ್ರು ದಡ್ಡ್ಯಾಗ ಇರಬೇಕು. ರೊಟ್ಟಿ ಬಡ್ಯೂದು ಊರಿನವ್ರ ಕೆಲಸ.

ಪರಮಾನಂದ: ಆಕಿ ಹೊಸ್ತಿಲ ದಾಟಿದ್ರ ನೂರಾ ಮೂವತ್ತೇಳು ಕಳದು ಒಂಬತ್ತು ಸಾವಿರದ ಎಂಟನೂರಾ ಅರವತ್ನಾಕು. ಬ್ಯಾನರ್ ಮ್ಯಾಲ ಹಿಡಸತೈತೇನ ನೋಡು.

ಗಂಗಾಂಬಿಕಾ: ಹನ್ನೆರಡಕ್ಕ ಐದು ನಿಮಿಷ ಐತ್ರಿ.

ಲಗಮವ್ವನ ಒಂದು ಕಾಲು ಹೊಸ್ತಿಲಾಚೆ ಇತ್ತು. ಶಿದ್ರಾಮಪ್ಪ ಎಷ್ಟೋ ಸಾಹೇಬರ ಮುಂದೆ ಹೀಗೆಯೇ ಎದ್ದು ಹೊರಟು ನಿಂತವನು. ಹೊರಟವರನ್ನು ಕರೆಯದೆ ಬಿಡುವಂತಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕರೆಯುವವರ ಕಡೆ ನಿಂತಾಗ ಅದು ಇಷ್ಟು ಉರಿಯುತ್ತದೆ ಎಂಬುದಷ್ಟೇ ಹೊಸದು.

ಶಿದ್ರಾಮಪ್ಪ: ಬರೀ ಮಾಸ್ತರ. ಎಪ್ಪತ್ಮೂರು, ಬೀರನದಡ್ಡಿ. ಎರಡೂ ಪಟ್ಟ್ಯಾಗ ಬರಿ.

ಲಗಮವ್ವ: ಓದಿ ಹೇಳ್ರಿ.

ಪರಮಾನಂದ: ಎಪ್ಪತ್ತೆರಡು ಅನಗವಾಡಿ, ಎಪ್ಪತ್ಮೂರು ಬೀರನದಡ್ಡಿ. ಹಗಲು ಹೊತ್ತು ತ್ರೀಫೇಸ್ ಕರೆಂಟ್ ಬೇಕು ಅಂತ ಮುಂದ ಬರದೀನಿ. ಖರೆ, ಹದಿನಾಕು ಮನಿಗಿ ನೂರಾ ಮೂವತ್ತೇಳು ಭಾಗ ಹೋಗಂಗಿಲ್ಲಬೇ. ಮನಿಗಿ ಒಂಬತ್ತು ಬಡಿದ್ರ ಹನ್ನೊಂದು ಕಮ್ಮಿ.

ಲಗಮವ್ವ: ಅದು ನಮ್ಮ ಊರ ಒಳಗಿನ ಮಾತು. ನಾವು ನೋಡ್ಕೋತೇವಿ.

‘ನಮ್ಮ ಊರ’ ಎಂಬ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಗಂಗಾಂಬಿಕಾ ನಗು ಮುಚ್ಚಲು ಅಡುಗೆಮನೆಗೆ ಹೋದಳು. ಪಟ್ಟಿ ಮೊಬೈಲಿನಿಂದ ಹೋಯಿತು. ನಾಲ್ಕು ತಾಲ್ಲೂಕಿನಲ್ಲಿ ಒಲೆ ಹೊತ್ತಿದವು. ಶಿದ್ರಾಮಪ್ಪ ಗೋಡೆಗೆ ಒರಗಿ ಕಾಲು ಚಾಚಿದ್ದ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನು ಸ್ಪೀಕರಿಗೆ ಹಾಕಿದ.

ಫೋನಿನ ದನಿ: ಅಧ್ಯಕ್ಷರ, ನಾ ಗಿರಮಲ್ಲಪ್ಪ ಮಾತಾಡೂದ್ರಿ, ಹಳ್ಳದದಡ್ಡಿಯಿಂದ. ಪಟ್ಟಿ ನೋಡಿದ್ವಿ. ಬೀರನದಡ್ಡಿ ಊರ ಆಗೈತಿ, ಛಲೋ ಆತು. ಅಲ್ಲಿ ಹದಿನಾಕು ಮನಿ. ನಮ್ಮಲ್ಲಿ ಹತ್ತೊಂಬತ್ತು ಮನಿ ಅದಾವ. ನಮ್ಮ ಹೆಸರೂ ಬರೀರಿ.

ಶಿದ್ರಾಮಪ್ಪನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಬಂತು. ಗಿರಮಲ್ಲಪ್ಪ ಲಗಮವ್ವನ ಬೀಗ. ಅವಳ ಮಗಳನ್ನು ಕೊಟ್ಟದ್ದು ಅವನ ಮನೆಗೇ. ಈಗ ಮುದುಕಿ ಏನು ಹೇಳುತ್ತಾಳೆ ನೋಡೋಣ ಎಂದು ಫೋನನ್ನು ಅವಳ ಕೈಗೇ ಕೊಟ್ಟ.

ಲಗಮವ್ವ: ಬೀಗರ, ನಾ ಲಗಮವ್ವ. ಆರಾಮ ಅದೀರಿ?

ಗಿರಮಲ್ಲಪ್ಪ: ಆರಾಮ ಅದೇವ್ರಿ ಬೀಗತಿ. ನೀವ ಅಲ್ಲಿದ್ರ ನಮ್ಮ ಕೆಲಸ ಆದಂಗ.

ಲಗಮವ್ವ: ಮಗಳು, ಮಮ್ಮಕ್ಕಳು ಆರಾಮ?

ಗಿರಮಲ್ಲಪ್ಪ: ಎಲ್ಲಾರು ಆರಾಮ.

ಲಗಮವ್ವ: ಛಲೋ ಆತು. ಜಾಗಾ ಇಲ್ರಿ.

ಗಿರಮಲ್ಲಪ್ಪ: ಅಂದ್ರ?

ಲಗಮವ್ವ: ಎಪ್ಪತ್ನಾಕಕ್ಕ ಭಾಗ ಹೋಗಂಗಿಲ್ಲ. ನಾ ಹೇಳೂ ಮಾತಲ್ಲ, ಲೆಕ್ಕದ ಮಾತು. ಎಪ್ಪತ್ಮೂರು ಆದ ಮ್ಯಾಲ ಬಾಗಲಾ ತೆರ್ಯೂದು ನೂರಾ ಮೂವತ್ತೇಳಕ್ಕ. ನೀವು ಬರೂಮುಂದ ಇನ್ನ ಅರವತ್ಮೂರು ಊರ ಕರ್ಕೊಂಡು ಬರ್ರಿ.

ಗಿರಮಲ್ಲಪ್ಪ: ಅಷ್ಟು ಊರು ನಾ ಎಲ್ಲಿಂದ ತರಲಿ ಬೀಗತಿ?

ಲಗಮವ್ವ: ನನಗೇನ ಗೊತ್ತು? ನಮ್ಮದೊಂದ ತರಾಕ ನನಗ ಮುಂಜಾನಿಂದ ಮಧ್ಯಾಹ್ನ ಆತು.

ಅವಳು ಫೋನನ್ನು ಬಂದ್ ಮಾಡಲು ಬಾರದೆ ಮಾಸ್ತರನ ಕೈಗಿಟ್ಟಳು. ಶಿದ್ರಾಮಪ್ಪನ ನಗು ಅರ್ಧಕ್ಕೇ ನಿಂತಿತ್ತು.

ಶಿದ್ರಾಮಪ್ಪ: ಅಲ್ಲಬೇ, ಅಂವ ನಿನ್ನ ಖಾಸ ಬೀಗ ಅಲ್ಲೇನು?

ಲಗಮವ್ವ: ಬೀಗರು ಮನಿಗಿ. ಇದು ಊರ ಮಾತು.

ಶಿದ್ರಾಮಪ್ಪ ಮಾಸ್ತರನ ಕಡೆ ತಿರುಗಿದ.

ಶಿದ್ರಾಮಪ್ಪ: ಆ ಹೆಸರು ಪೆನ್ಸಿಲ್ಲಿಲೆ ಬರದೀಯೋ, ಪೆನ್ನಿಲೆ ಬರದೀಯೋ?

ಪರಮಾನಂದ: ಪೆನ್ಸಿಲ್. ನೀ ಎಲ್ಲಿ ಮತ್ತ ಮಾತು ತಿರುಗಸ್ತೀಯೋ ಅಂತ.

ಶಿದ್ರಾಮಪ್ಪ: ಪೆನ್ನ ತಗೊಂಡು ತೀಡು. ಇನ್ನ ಸಂಶೇ ಇಲ್ಲ, ಅದು ಪಕ್ಕಾ ಊರು.